ಮನೆಯಿಂದಲೇ ನಡೆಸುವ ಆನ್‌ಲೈನ್ ವ್ಯವಹಾರಕ್ಕೆ ಹೆಸರು ನೋಂದಣಿ: ಉದ್ಯಮ್ ಸಾಕೇ, ಟ್ರೇಡ್‌ಮಾರ್ಕೇ ಬೇಕೇ?

ತುಂಗಾತೀರ ಕೇಳಿದ್ದು:

ನಾವಿಬ್ಬರು ಸೇರಿ ಸಣ್ಣ ಅಂಗಡಿ, ಗ್ಯಾರೇಜು, ಕ್ಲಿನಿಕ್ಕುಗಳಿಗೆ ಲೆಕ್ಕಪತ್ರ ಬರೆದುಕೊಡುವ ಕೆಲಸ ಮಾಡುತ್ತಿದ್ದೇವೆ. ಒಬ್ಬರು ಶಿವಮೊಗ್ಗದಲ್ಲಿ, ಇನ್ನೊಬ್ಬರು ಹುಬ್ಬಳ್ಳಿಯಲ್ಲಿ. ಆಫೀಸು ಇಲ್ಲ, ಎಲ್ಲ ಆನ್‌ಲೈನ್. ಖರ್ಚು ಕಳೆದು ಉಳಿದದ್ದು ಅರ್ಧರ್ಧ. ಜನವರಿಯಿಂದ ಬಿಲ್‌ಗಳ ಮೇಲೆ ಒಂದು ಹೆಸರು ಹಾಕುತ್ತಿದ್ದೇವೆ, ಹಣ ಮಾತ್ರ ನನ್ನ ಉಳಿತಾಯ ಖಾತೆಗೇ ಬರುತ್ತಿದೆ. ವರ್ಷದ ವಹಿವಾಟು ಹತ್ತು ಲಕ್ಷ ಮುಟ್ಟುವುದಿಲ್ಲ.

ಹೆಸರು ಇಲ್ಲಿ ಬರೆಯುತ್ತಿಲ್ಲ. 'ಲೆಕ್ಕ' ಎಂಬ ಪದಕ್ಕೆ ಇನ್ನೊಂದು ಪದ ಸೇರಿದೆ ಅಂತ ಇಟ್ಟುಕೊಳ್ಳಿ. ಈ ಹೆಸರನ್ನು ಎಲ್ಲಿ ನೋಂದಾಯಿಸಿದರೆ ಅದು ನಮ್ಮದಾಗುತ್ತದೆ? ಒಬ್ಬರು ಉದ್ಯಮ್ (ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿ) ಮಾಡಿಸಿದರೆ ಸಾಕು ಅಂತಾರೆ, ಇನ್ನೊಬ್ಬರು ಜಿಎಸ್‌ಟಿ ತೆಗೆದುಕೊಂಡರೆ ಹೆಸರು ಭದ್ರ ಅಂತಾರೆ, ಮತ್ತೊಬ್ಬರು ಪ್ರೈವೇಟ್ ಲಿಮಿಟೆಡ್ ಮಾಡಿ ಅಂತಾರೆ. ಮನೆ ವಿಳಾಸ ಕೊಟ್ಟರೆ ತೊಂದರೆ ಇದೆಯೇ? ಟ್ರೇಡ್‌ಮಾರ್ಕ್ ಹಾಕುವುದಾದರೆ ಲೋಗೋಗೋ ಪದಕ್ಕೋ, ಕನ್ನಡದಲ್ಲೋ ಇಂಗ್ಲಿಷಿನಲ್ಲೋ?

---

ಗುರುತುಪಟ್ಟಿ ಉತ್ತರ:

ಹೆಸರನ್ನು ಇಲ್ಲಿ ಹಾಕದಿದ್ದದ್ದು ಒಳ್ಳೆಯದಾಯಿತು. ಅರ್ಜಿ ಹಾಕುವವರೆಗೂ ಹಾಗೇ ಇರಲಿ.

ನಮ್ಮಲ್ಲಿ ಏಕಮಾಲೀಕತ್ವದ ವ್ಯಾಪಾರಕ್ಕೆ 'ಹೆಸರು ನೋಂದಣಿ' ಅಂತ ಪ್ರತ್ಯೇಕ ಕಚೇರಿ ಇಲ್ಲ. ಗೊಂದಲವೆಲ್ಲ ಹುಟ್ಟುವುದು ಇಲ್ಲಿಂದಲೇ. ಉದ್ಯಮ್ ಪ್ರಮಾಣಪತ್ರದಲ್ಲಿ ನೀವು ಬರೆದ ಹೆಸರು ಅಚ್ಚಾಗುತ್ತದೆ, ಆದರೆ ಅದೇ ಹೆಸರು ಬೇರೆಯವರಿಗೆ ಇದೆಯೇ ಅಂತ ಯಾರೂ ನೋಡುವುದಿಲ್ಲ. ಜಿಎಸ್‌ಟಿಯ 'ಟ್ರೇಡ್ ನೇಮ್' ಕಾಲಮ್ಮೂ ಅಷ್ಟೇ, ಒಂದೇ ಟ್ರೇಡ್ ನೇಮ್ ಇರುವ ಜಿಎಸ್‌ಟಿ ಸಂಖ್ಯೆಗಳು ಬೇಕಾದಷ್ಟಿವೆ. ಇವು ನೀವು ಆ ಹೆಸರಿನಲ್ಲಿ ವ್ಯವಹರಿಸುತ್ತಿದ್ದೀರಿ ಎಂಬುದಕ್ಕೆ ದಾಖಲೆಗಳು. ಹೆಸರಿನ ಮೇಲೆ ಹಕ್ಕು ಕೊಡುವುದಿಲ್ಲ.

ಕಂಪನಿಯಾದರೆ ಕಂಪನಿಗಳ ರಿಜಿಸ್ಟ್ರಾರ್ ಹೆಸರು ಪರೀಕ್ಷಿಸುತ್ತಾರೆ ನಿಜ. ಕಂಪನಿ ನೋಂದಣಿಯ ಫಾರಂ ಸ್ಪೈಸ್ ಪ್ಲಸ್, ಅದರ ಭಾಗ ಎ, ₹1,000 ಶುಲ್ಕ, ಎರಡು ಹೆಸರು ಕೊಡಬಹುದು, ಒಪ್ಪಿದರೆ 20 ದಿನ ಕಾದಿರಿಸುತ್ತಾರೆ. ಆದರೆ ಆಮೇಲೂ ಅದೇ ಹೆಸರಿನ ಟ್ರೇಡ್‌ಮಾರ್ಕ್ ಇರುವವರು ಕಂಪನಿ ಕಾಯ್ದೆಯ 16ನೇ ಸೆಕ್ಷನ್ ಅಡಿ 3 ವರ್ಷದೊಳಗೆ ದೂರು ಕೊಟ್ಟು ನೀವು ಹೆಸರು ಬದಲಾಯಿಸುವಂತೆ ಮಾಡಬಹುದು. ಹೆಸರಿನ ಆಸೆಗೆ ಕಂಪನಿ ಮಾಡಬೇಡಿ. ಆಡಿಟ್ ಮತ್ತು ವಾರ್ಷಿಕ ಫೈಲಿಂಗ್‌ನ ಖರ್ಚು ನಿಮ್ಮ ವಹಿವಾಟಿಗೆ ಹೊರೆ.

ಹೆಸರಿನ ಹಕ್ಕು ಬರುವುದು ಎರಡು ದಾರಿಯಲ್ಲಿ: ಮೊದಲಿನಿಂದ ಬಳಸಿ ಹೆಸರು ಮಾಡಿದ್ದಕ್ಕೆ ಬರುವ ಹಕ್ಕು, ಮತ್ತು 1999ರ ಟ್ರೇಡ್‌ಮಾರ್ಕ್ ಕಾಯ್ದೆಯ ನೋಂದಣಿ. ಮೊದಲನೆಯದನ್ನು ಕೋರ್ಟಿನಲ್ಲಿ ಬಿಲ್ಲು, ಜಾಹೀರಾತು, ಗಿರಾಕಿಗಳ ಸಾಕ್ಷಿ ಇಟ್ಟು ಸಾಧಿಸಬೇಕು. ಎರಡನೆಯದಕ್ಕೆ ಪ್ರಮಾಣಪತ್ರ ತೋರಿಸಿದರೆ ಹಕ್ಕು ಇದೆ ಎಂದೇ ಕೋರ್ಟು ಶುರುಮಾಡುತ್ತದೆ. ನೋಂದಾಯಿತ ಗುರುತನ್ನು ಅದೇ ಸೇವೆಗೆ ಬೇರೆಯವರು ಕೇವಲ ಅಂಗಡಿಯ ಹೆಸರಾಗಿ ಬಳಸಿದರೂ ಅದೇ ಕಾಯ್ದೆಯ ಸೆಕ್ಷನ್ 29(5)ರ ಪ್ರಕಾರ ಉಲ್ಲಂಘನೆ.

ಆದರೆ ನಿಮ್ಮ ಪ್ರಶ್ನೆಯಲ್ಲಿ ಇದಕ್ಕಿಂತ ಮೊದಲು ಬಿಡಿಸಬೇಕಾದ ಗಂಟೊಂದಿದೆ. 'ಉಳಿದದ್ದು ಅರ್ಧರ್ಧ' ಅಂದಿರಿ. ಲಾಭ ಹಂಚಿಕೊಂಡು ಇಬ್ಬರೂ ಸೇರಿ ನಡೆಸುವ ವ್ಯವಹಾರ ಕಾಗದವಿಲ್ಲದಿದ್ದರೂ 1932ರ ಪಾಲುದಾರಿಕೆ ಕಾಯ್ದೆಯ ಪ್ರಕಾರ ಪಾಲುದಾರಿಕೆಯೇ. ಈಗ ಒಬ್ಬರ ಪ್ಯಾನ್ ಮೇಲೆ ಉದ್ಯಮ್, ಒಬ್ಬರ ಹೆಸರಲ್ಲಿ ಟ್ರೇಡ್‌ಮಾರ್ಕ್ ಮಾಡಿಸಿದರೆ ಕಾಗದದ ಮೇಲೆ ಹೆಸರು ಆ ಒಬ್ಬರದ್ದಾಗುತ್ತದೆ. ನಾಳೆ ಪಾಲುದಾರಿಕೆ ಮಾಡಿದರೆ ಪ್ಯಾನ್ ಬೇರೆಯಾಗುವುದರಿಂದ ಉದ್ಯಮ್, ಜಿಎಸ್‌ಟಿ, ಬ್ಯಾಂಕ್ ಖಾತೆ ಎಲ್ಲವೂ ಹೊಸದಾಗಿ. ಟ್ರೇಡ್‌ಮಾರ್ಕಿಗೆ ವರ್ಗಾವಣೆ ಪತ್ರ ಬರೆದು ಟಿಎಂ-ಪಿ ಎಂಬ ಫಾರಂ ಹಾಕಬೇಕು. ಆದ್ದರಿಂದ ಮಾಲೀಕರು ಯಾರು ಎಂಬುದು ಮೊದಲು ತೀರ್ಮಾನವಾಗಲಿ.

---

ಜಮಾಖರ್ಚು ಉತ್ತರ:

ಮೇಲಿನವರ ಮಾತಿಗೆ ಸೇರಿಸುತ್ತೇನೆ, ಕಾಗದಪತ್ರದ ಕಡೆಯಿಂದ.

ಇಬ್ಬರಿಗೆ ಪಾಲುದಾರಿಕೆ ಸಾಕು. ಎಲ್‌ಎಲ್‌ಪಿಯಲ್ಲಿ (ಸೀಮಿತ ಹೊಣೆಗಾರಿಕೆಯ ಪಾಲುದಾರಿಕೆ) ವೈಯಕ್ತಿಕ ಆಸ್ತಿಗೆ ರಕ್ಷಣೆ ಇದೆ, ಆದರೆ ವಹಿವಾಟು ಸೊನ್ನೆಯಾದರೂ ಮೇ 30ಕ್ಕೆ ಫಾರಂ 11, ಅಕ್ಟೋಬರ್ 30ಕ್ಕೆ ಫಾರಂ 8 ಹಾಕಲೇಬೇಕು. ಮರೆತರೆ ದಿನಗಳ ಲೆಕ್ಕದಲ್ಲಿ ದಂಡ ಏರುತ್ತದೆ.

ಪಾಲುದಾರಿಕೆ ಪತ್ರ ಬರೆಸುವಾಗ ಎರಡು ಕಲಮುಗಳನ್ನು ಬಿಡಬೇಡಿ. ಅಂಗಡಿಯಲ್ಲಿ ಸಿಗುವ ಸಿದ್ಧ ನಮೂನೆಯಲ್ಲಿ ಇವು ಸಾಮಾನ್ಯವಾಗಿ ಇರುವುದಿಲ್ಲ. ಒಂದು: ಜನವರಿಯಿಂದ ಬಳಸುತ್ತಿರುವ ಈ ಹೆಸರು, ಅದರ ಸದಭಿಪ್ರಾಯ (ಗುಡ್‌ವಿಲ್), ಡೊಮೇನ್ ಮತ್ತು ಸಾಮಾಜಿಕ ಜಾಲತಾಣದ ಖಾತೆಗಳು ಎಲ್ಲವೂ ಸಂಸ್ಥೆಯ ಸ್ವತ್ತು ಅಂತ. ಇದು ಇದ್ದರೆ ಟ್ರೇಡ್‌ಮಾರ್ಕ್ ಅರ್ಜಿಯಲ್ಲಿ ಜನವರಿಯ ಬಳಕೆಯನ್ನು ಸಂಸ್ಥೆ ತನ್ನದೆಂದು ಹೇಳಿಕೊಳ್ಳಬಹುದು. ಇಲ್ಲದಿದ್ದರೆ ಬಿಲ್ಲಿನ ಹಣ ನಿಮ್ಮ ವೈಯಕ್ತಿಕ ಖಾತೆಯಲ್ಲಿ, ಅರ್ಜಿ ಸಂಸ್ಥೆಯ ಹೆಸರಲ್ಲಿ, ನಡುವೆ ಕೊಂಡಿಯೇ ಇರುವುದಿಲ್ಲ. ಎರಡು: ಒಬ್ಬರು ಹೊರಗೆ ಹೋದರೆ ಹೆಸರು ಯಾರ ಬಳಿ ಉಳಿಯಬೇಕು, ಹೋದವರು ಹೋಲುವ ಹೆಸರು ಇಟ್ಟುಕೊಳ್ಳಬಹುದೇ ಅಂತ.

ಪತ್ರ ಆದ ಮೇಲೆ ಸಂಸ್ಥೆಗೆ ಪ್ಯಾನ್, ಆಮೇಲೆ ಉದ್ಯಮ್. ಉದ್ಯಮ್ ಸರ್ಕಾರಿ ಪೋರ್ಟಲ್ಲಿನಲ್ಲಿ ಪೂರ್ತಿ ಉಚಿತ, ಮ್ಯಾನೇಜಿಂಗ್ ಪಾರ್ಟ್‌ನರ್ ಅವರ ಆಧಾರ್ ಸಾಕು. ಹುಡುಕಿದಾಗ ಮೇಲೆ ಬರುವ ಜಾಹೀರಾತಿನ ತಾಣಗಳು ಇದಕ್ಕೇ ಸಾವಿರಾರು ಕೇಳುತ್ತವೆ, ಕೊಡಬೇಡಿ. ಸಂಸ್ಥೆಯನ್ನು ಜಿಲ್ಲಾ ನೋಂದಣಾಧಿಕಾರಿಯಲ್ಲಿ ನೋಂದಾಯಿಸುವುದು ಕಡ್ಡಾಯವಲ್ಲ. ಆದರೂ ಮಾಡಿಸಿ. ನೋಂದಣಿ ಇಲ್ಲದ ಸಂಸ್ಥೆ ಬಾಕಿ ಕೊಡದ ಗಿರಾಕಿಯ ಮೇಲೆ ಒಪ್ಪಂದದ ಆಧಾರದಲ್ಲಿ ದಾವೆ ಹೂಡಲು ಪಾಲುದಾರಿಕೆ ಕಾಯ್ದೆಯ 69ನೇ ಸೆಕ್ಷನ್ ಬಿಡುವುದಿಲ್ಲ.

ಜಿಎಸ್‌ಟಿ: ಸೇವೆಗೆ ಮಿತಿ ವರ್ಷಕ್ಕೆ 20 ಲಕ್ಷ, ಹೊರ ರಾಜ್ಯದ ಗಿರಾಕಿಗಳಿಗೆ ಸೇವೆ ಕೊಟ್ಟರೂ ಅಷ್ಟೇ. ನಿಮಗೆ ಬೇಡ. ಹೆಸರು ಅಚ್ಚಾಗಲಿ ಅಂತ ಸ್ವಯಂಪ್ರೇರಿತವಾಗಿ ತೆಗೆದುಕೊಂಡರೆ ರಿಟರ್ನ್ ತಪ್ಪದೆ ಹಾಕಬೇಕು. ಸೊನ್ನೆ ರಿಟರ್ನ್ ತಡವಾದರೂ ದಿನಕ್ಕೆ ₹20.

ಬ್ಯಾಂಕು: ಪಾಲುದಾರಿಕೆ ಪತ್ರ, ಸಂಸ್ಥೆಯ ಪ್ಯಾನ್, ಇಬ್ಬರ ಗುರುತಿನ ದಾಖಲೆ, ಜೊತೆಗೆ ನೋಂದಣಿ ಪ್ರಮಾಣಪತ್ರ ಕೇಳುತ್ತಾರೆ. ಏಕಮಾಲೀಕತ್ವವಾಗಿದ್ದರೆ ವ್ಯಾಪಾರದ ಹೆಸರಿರುವ ಎರಡು ದಾಖಲೆ ಕೇಳುತ್ತಿದ್ದರು. ಚಾಲ್ತಿ ಖಾತೆ ತಿರಸ್ಕಾರವಾಗುವುದಕ್ಕೆ ಬಹುಪಾಲು ಕಾರಣ ಕಾಗುಣಿತ. ಪತ್ರದಲ್ಲಿ 'ಸರ್ವಿಸಸ್', ಪ್ಯಾನ್‌ನಲ್ಲಿ 'ಸರ್ವೀಸ್', ಉದ್ಯಮ್‌ನಲ್ಲಿ ಎರಡು ಪದ ಕೂಡಿಸಿ ಒಂದೇ ಪದ. ಮೂರೂ ಬೇರೆ ಬೇರೆ ಸಂಸ್ಥೆ ಅಂತ ಬ್ಯಾಂಕಿನವರು ನೋಡುತ್ತಾರೆ. ಇಂಗ್ಲಿಷ್ ಕಾಗುಣಿತ, ಪದಗಳ ನಡುವಿನ ಜಾಗ, 'ಅಂಡ್' ಎಂದು ಬರೆಯಬೇಕೋ ಚಿಹ್ನೆ ಹಾಕಬೇಕೋ, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದಿಟ್ಟು ಪ್ರತಿ ಅರ್ಜಿಗೂ ಅದನ್ನೇ ನಕಲಿಸಿ. 'ಲಿಮಿಟೆಡ್' ಪದ ಎಲ್ಲೂ ಬೇಡ, ಕಂಪನಿಯಲ್ಲದವರು ಬಳಸಿದರೆ ದಿನಕ್ಕೆ ₹500ರಿಂದ ₹2,000 ದಂಡವಿದೆ. ನಿಮ್ಮದು ಲೆಕ್ಕದ ಕೆಲಸವಾದ್ದರಿಂದ ಇನ್ನೊಂದು: ಸದಸ್ಯತ್ವ ಇಲ್ಲದವರು ಹೆಸರಿನಲ್ಲಿ 'ಸಿಎ', 'ಚಾರ್ಟರ್ಡ್' ಅಂತ ಸೇರಿಸುವಂತಿಲ್ಲ.

ಮನೆ ವಿಳಾಸ ಎಲ್ಲ ಕಡೆಯೂ ನಡೆಯುತ್ತದೆ. ಮೆಸ್ಕಾಂ ಬಿಲ್ಲು ತಂದೆಯ ಹೆಸರಲ್ಲಿದ್ದರೆ ಅವರ ಒಪ್ಪಿಗೆ ಪತ್ರ, ಬಾಡಿಗೆ ಮನೆಯಾದರೆ ಕರಾರುಪತ್ರ ಮತ್ತು ಮಾಲೀಕರ ಬಿಲ್ಲು. ಬಿಲ್ಲಿನಲ್ಲಿರುವ ಹೆಸರು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದವರ ಹೆಸರಿಗೆ ಹೊಂದಬೇಕು. ತೀರಿಕೊಂಡ ಅಜ್ಜನ ಹೆಸರಲ್ಲೇ ಬಿಲ್ಲು ಬರುತ್ತಿದ್ದರೆ ಮೊದಲು ಮೀಟರ್ ಹೆಸರು ಬದಲಾಯಿಸಿಕೊಳ್ಳಿ.

---

ತುಂಗಾತೀರ:

ತುಂಬ ಉಪಕಾರವಾಯಿತು. ಪಾಲುದಾರಿಕೆ ಅಂತಲೇ ತೀರ್ಮಾನಿಸಿದ್ದೇವೆ. ಟ್ರೇಡ್‌ಮಾರ್ಕ್ ತಾಣದಲ್ಲಿ ಹುಡುಕಿದೆ. ನಮ್ಮ ಹೆಸರು ಅಕ್ಷರಶಃ ಇಲ್ಲ. ಆದರೆ ಸರಕು, ಸೇವೆಗಳನ್ನು ಅಲ್ಲಿ ಸಂಖ್ಯೆ ಕೊಟ್ಟು ವರ್ಗಗಳಾಗಿ ವಿಂಗಡಿಸಿದ್ದಾರೆ; ಉಚ್ಚಾರ ಹೋಲುವ ಒಂದು 35ನೇ ವರ್ಗದಲ್ಲಿ 'ಅಬ್ಯಾಂಡನ್ಡ್' ಅಂತಿದೆ, ಇನ್ನೊಂದು 36ರಲ್ಲಿ 'ರಿಜಿಸ್ಟರ್ಡ್'. ಮುಂದುವರಿಯಬಹುದೇ? ಮುಂದೆ ಒಂದು ಮೊಬೈಲ್ ಆ್ಯಪ್ ಮಾಡುವ ಯೋಚನೆಯೂ ಇದೆ.

---

ಗುರುತುಪಟ್ಟಿ ಉತ್ತರ:

ಹುಡುಕಾಟ ಇನ್ನೂ ಮುಗಿದಿಲ್ಲ. ವರ್ಡ್‌ಮಾರ್ಕ್ ಆಯ್ಕೆಯಲ್ಲಿ 'ಸ್ಟಾರ್ಟ್ ವಿತ್' ಮಾತ್ರ ನೋಡಿದರೆ ನಡುವೆ ನಿಮ್ಮ ಪದ ಇರುವ ಹೆಸರುಗಳು ತಪ್ಪುತ್ತವೆ. 'ಕಂಟೇನ್ಸ್' ಹಾಕಿ, ಆಮೇಲೆ ಫೊನೆಟಿಕ್ ಹುಡುಕಾಟವನ್ನೂ ಮಾಡಿ. ಕನ್ನಡ ಪದವನ್ನು ಇಂಗ್ಲಿಷ್ ಅಕ್ಷರದಲ್ಲಿ ಜನ ನಾಲ್ಕು ಥರ ಬರೆಯುತ್ತಾರೆ: 'ಲೆಕ್ಕ' ಎಂಬುದರಲ್ಲಿ ಕೆ ಎರಡು ಬರೆಯುವವರು, ಒಂದೇ ಬರೆಯುವವರು, ಸಿ ಮತ್ತು ಕೆ ಸೇರಿಸುವವರು, ಕೊನೆಗೆ ಎರಡು ಎ ಹಾಕುವವರು. ಎಲ್ಲವನ್ನೂ ಹಾಕಿ ನೋಡಿ. 'ಲೇಖಾ' ಎಂಬ ಹತ್ತಿರದ ಹಿಂದಿ ರೂಪವನ್ನೂ ಬಿಡಬೇಡಿ. ಪರೀಕ್ಷಕರು ನೋಡುವುದು ಕಿವಿಗೆ ಕೇಳುವ ಹೋಲಿಕೆ.

ಸಿಕ್ಕಿದ ಎರಡೂ ಅರ್ಜಿಗಳ ಸಂಖ್ಯೆ ಒತ್ತಿ ಒಳಗೆ ಹೋಗಿ. 'ಯೂಸರ್' ಅಂತ ಒಂದು ದಿನಾಂಕ ಇರುತ್ತದೆ, ಯಾವಾಗಿನಿಂದ ಬಳಸುತ್ತಿದ್ದಾರೆ ಎಂಬುದು ಅದು. ಕೆಳಗೆ ಪರೀಕ್ಷಾ ವರದಿ (ಪರೀಕ್ಷಕರು ಎತ್ತಿದ ಆಕ್ಷೇಪಗಳು), ಅವರು ಕೊಟ್ಟ ಉತ್ತರ ಎಲ್ಲ ಉಚಿತವಾಗಿ ಓದಲು ಸಿಗುತ್ತದೆ. ಅವರ ವರದಿಯಲ್ಲಿ ಯಾವ ಹೆಸರುಗಳನ್ನು ಅಡ್ಡಿ ಅಂತ ತೋರಿಸಿದ್ದಾರೋ ನಾಳೆ ನಿಮ್ಮ ವರದಿಯಲ್ಲೂ ಬಹುತೇಕ ಅವೇ ಬರುತ್ತವೆ. ವಕೀಲರಿಗೆ ದುಡ್ಡು ಕೊಡುವ ಮೊದಲು ಸಿಗುವ ಅತ್ಯುತ್ತಮ ಮಾಹಿತಿ ಇದು, ಆದರೂ ಹೆಚ್ಚಿನವರು ತೆರೆದೇ ನೋಡುವುದಿಲ್ಲ.

'ಅಬ್ಯಾಂಡನ್ಡ್' ಅಂದರೆ ಅರ್ಜಿ ಬಿದ್ದಿದೆ, ವ್ಯಾಪಾರ ನಿಂತಿದೆ ಅಂತಲ್ಲ. ಅವರು ನಿಮಗಿಂತ ಮೊದಲಿನಿಂದ ಬಳಸುತ್ತಿದ್ದರೆ ನಿಮ್ಮ ನೋಂದಣಿಯಾದರೂ ಟ್ರೇಡ್‌ಮಾರ್ಕ್ ಕಾಯ್ದೆಯ 34ನೇ ಸೆಕ್ಷನ್ ಅವರ ಬಳಕೆಯನ್ನು ಕಾಯುತ್ತದೆ, ನಿಮ್ಮ ಅರ್ಜಿಗೆ ವಿರೋಧವನ್ನೂ ಹಾಕಬಹುದು. ಆ ಹೆಸರಿನ ತಾಣ, ಜಿಎಸ್‌ಟಿ, ಪ್ಲೇ ಸ್ಟೋರ್ ನೋಡಿ. 36 ಹಣಕಾಸು ಸೇವೆಯ ವರ್ಗ, ಲೆಕ್ಕಪತ್ರದ ಪಕ್ಕದ ಮನೆ. ಬೇರೆ ವರ್ಗ ಅಂತ ನಿರಾಳವಾಗಬೇಡಿ, ಅವರ ಸೇವೆಗಳ ವಿವರಣೆಯಲ್ಲಿ ತೆರಿಗೆ, ಸಾಲದ ಲೆಕ್ಕ ಇತ್ಯಾದಿ ಇದೆಯೇ ಓದಿ.

ಈಗ 'ಲೆಕ್ಕ' ಎಂಬ ಪದ. ಲೆಕ್ಕ ಬರೆಯುವ ಸೇವೆಗೆ ಅದು ಸೇವೆಯ ವರ್ಣನೆ, ಬರೀ ವರ್ಣನೆಯ ಪದ ಅಂತ ಸೆಕ್ಷನ್ 9(1)(ಬಿ) ಆಕ್ಷೇಪ ಬಂದೇ ಬರುತ್ತದೆ. ನಿಮ್ಮ ಎರಡನೆಯ ಪದ ಎಷ್ಟು ಗಟ್ಟಿ ಎಂಬುದರ ಮೇಲೆ ಎಲ್ಲವೂ ನಿಂತಿದೆ. 'ಸುಲಭ', 'ಸೇವೆ', 'ಕೇಂದ್ರ', 'ಆನ್‌ಲೈನ್' ಥರದ್ದಾಗಿದ್ದರೆ ಈಗಲೇ ಹೆಸರು ಬದಲಾಯಿಸಿ. ಕೆಲವೇ ತಿಂಗಳ ಬಿಲ್ಲಿನಿಂದ ಹೆಸರಿಗೆ ಪ್ರತ್ಯೇಕತೆ ಬಂದಿದೆ ಅಂತ ಯಾರೂ ಒಪ್ಪುವುದಿಲ್ಲ. ಕೆಲಸಕ್ಕೆ ಸಂಬಂಧವಿಲ್ಲದ ಪದ, ಹಕ್ಕಿಯೋ ಮರವೋ ಕಟ್ಟಿದ ಹೊಸ ಪದವೋ ಆಗಿದ್ದರೆ ದಾರಿ ಸಲೀಸು.

ಲೋಗೋ ಹಾಕಿದರೆ ಆಕ್ಷೇಪ ತಪ್ಪುತ್ತದೆ ಅಂತ ಏಜೆಂಟರು ಹೇಳುವುದುಂಟು. ನೋಂದಣಿ ಸಿಗಬಹುದು, ಆದರೆ 17ನೇ ಸೆಕ್ಷನ್ ಪ್ರಕಾರ ಹಕ್ಕು ಚಿತ್ರದ ಒಟ್ಟು ರೂಪಕ್ಕೆ, ಒಳಗಿನ ಸಾಮಾನ್ಯ ಪದಕ್ಕಲ್ಲ. ಒಂದೇ ಅರ್ಜಿಗೆ ದುಡ್ಡಿದ್ದರೆ ಪದಕ್ಕೇ ಹಾಕಿ. ಪದದ ನೋಂದಣಿ ಯಾವ ಅಕ್ಷರಶೈಲಿಗೂ ಬಣ್ಣಕ್ಕೂ ನಡೆಯುತ್ತದೆ. ಲೋಗೋ ಎರಡು ವರ್ಷಕ್ಕೆ ಬದಲಾಗುವ ವಸ್ತು. ಆಮೇಲೆ ಲೋಗೋಗೂ ಹಾಕುವುದಾದರೆ ಚಿತ್ರ 8 ಸೆಂ.ಮೀ. ಚೌಕದೊಳಗಿರಲಿ, ಬಣ್ಣದ ಮಿತಿ ಹೇಳದೆ ಕಪ್ಪುಬಿಳುಪಿನಲ್ಲಿ ಕೊಡಿ. ವಿನ್ಯಾಸಕಾರರಿಂದ ಹಕ್ಕು ವರ್ಗಾವಣೆ ಬರಹದಲ್ಲಿ ತೆಗೆದುಕೊಳ್ಳಿ. ಹಣ ಕೊಟ್ಟ ಮಾತ್ರಕ್ಕೆ ಹೊರಗಿನವರು ಬರೆದ ಚಿತ್ರದ ಕೃತಿಸ್ವಾಮ್ಯ ನಿಮಗೆ ಬರುವುದಿಲ್ಲ.

ಕನ್ನಡ ಲಿಪಿಯಲ್ಲೂ ಹಾಕಬಹುದು, ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಲಿಪ್ಯಂತರ ಮತ್ತು ಅರ್ಥ ಕೊಡಬೇಕು. ಬಿಲ್ಲು, ತಾಣ, ಆ್ಯಪ್ ಎಲ್ಲ ಇಂಗ್ಲಿಷ್ ಅಕ್ಷರದಲ್ಲಿದ್ದರೆ ಮೊದಲು ಅದನ್ನೇ ಹಾಕಿ. ಬಳಸುವ ರೂಪವನ್ನೇ ನೋಂದಾಯಿಸುವುದು ಸರಿ.

ವರ್ಗ: ಲೆಕ್ಕ ಬರೆಯುವುದು, ವೇತನಪಟ್ಟಿ, ತೆರಿಗೆ ರಿಟರ್ನ್ ಸಿದ್ಧತೆ 35ರಲ್ಲಿ. ಡೌನ್‌ಲೋಡ್ ಮಾಡುವ ಆ್ಯಪ್ 9, ಬ್ರೌಸರ್‌ನಲ್ಲೇ ನಡೆಯುವ ತಂತ್ರಾಂಶ ಸೇವೆ 42. ತರಬೇತಿ ಕೊಟ್ಟರೆ 41. ಸದ್ಯಕ್ಕೆ 35 ಸಾಕು. ಆ್ಯಪ್ ಖಚಿತವಾದರೆ ಆಗ 9ಕ್ಕೆ ಬೇರೆ ಅರ್ಜಿ. ಆದರೆ ನೆನಪಿರಲಿ, ಹಾಕಿದ ಅರ್ಜಿಗೆ ಆಮೇಲೆ ಹೊಸ ಸೇವೆ ಸೇರಿಸಲು ಬಿಡುವುದಿಲ್ಲ, ಕಡಿಮೆ ಮಾಡಲು ಮಾತ್ರ ಬಿಡುತ್ತಾರೆ. ಹಾಗಂತ ವರ್ಗದ ಇಡೀ ಶೀರ್ಷಿಕೆಯನ್ನು ನಕಲಿಸಬೇಡಿ. ಜಾಹೀರಾತು ಸಂಸ್ಥೆಯವರ ಹೆಸರೂ ನಿಮಗೆ ಅಡ್ಡ ಬರುತ್ತದೆ, ಐದು ವರ್ಷಕ್ಕೂ ಮೀರಿ ಬಳಸದ ಸೇವೆಯನ್ನು ತೆಗೆಸಲು ಬೇರೆಯವರಿಗೆ ಅವಕಾಶವೂ ಆಗುತ್ತದೆ.

ಅರ್ಜಿಯ ಫಾರಂ ಟಿಎಂ-ಎ. ಆನ್‌ಲೈನ್ ಶುಲ್ಕ ಒಂದು ವರ್ಗಕ್ಕೆ ₹9,000, ವ್ಯಕ್ತಿ, ಸ್ಟಾರ್ಟಪ್, ಸಣ್ಣ ಉದ್ಯಮಕ್ಕೆ ₹4,500. ಪಾಲುದಾರಿಕೆ ಸಂಸ್ಥೆ ಅರ್ಧ ಶುಲ್ಕ ಪಡೆಯಲು ಉದ್ಯಮ್ ಪ್ರಮಾಣಪತ್ರ ಲಗತ್ತಿಸಬೇಕು, ಅದಕ್ಕೇ ಉದ್ಯಮ್ ಮೊದಲಾಗಲಿ. ಅರ್ಜಿಯಲ್ಲಿ ಪಾಲುದಾರರಿಬ್ಬರ ಹೆಸರೂ ಬೇಕು. ಕರ್ನಾಟಕದವರಿಗೆ ಚೆನ್ನೈ ಕಚೇರಿ, ಹೋಗಬೇಕಾಗಿಲ್ಲ, ವಿಚಾರಣೆಯೂ ವಿಡಿಯೋದಲ್ಲೇ.

---

ನಿಧಾನಗತಿ ಉತ್ತರ:

ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ವರ್ಣನೆಯ ಪದ ಇರುವ ಹೆಸರಿಗೆ ಈಗಲೇ ಅರ್ಜಿ ಹಾಕಿ ಆಕ್ಷೇಪ, ಉತ್ತರ, ವಿಚಾರಣೆ ಅಂತ ಅಲೆಯುವ ಬದಲು ಒಂದೆರಡು ವರ್ಷ ಬಳಸಿ, ಸಾಕ್ಷಿ ಕೂಡಿಸಿ ಆಮೇಲೆ ಹಾಕಬಹುದು. ಮೊದಲ ಬಳಕೆದಾರರ ಹಕ್ಕು ಹೇಗೂ ಇದೆ. ಅಷ್ಟರಲ್ಲಿ ಸಾಕ್ಷಿ ಸರಿಯಾಗಿ ಇಡಿ: ಪ್ರತಿ ತಿಂಗಳ ಒಂದಾದರೂ ಬಿಲ್ಲು ಹೆಸರು ಮತ್ತು ದಿನಾಂಕದೊಂದಿಗೆ, ಅದೇ ಮೊತ್ತದ ಬ್ಯಾಂಕ್ ಜಮೆ, ಗಿರಾಕಿಗೆ ಕಳಿಸಿದ ಇಮೇಲ್, ಜಾಹೀರಾತಿಗೆ ಕೊಟ್ಟ ಹಣದ ರಸೀದಿ. ಡೊಮೇನ್ ಕೊಂಡ ರಸೀದಿ ಒಂದೇ ಇದ್ದರೆ ಬಳಕೆ ಅನ್ನಿಸಿಕೊಳ್ಳುವುದಿಲ್ಲ.

---

ಗುರುತುಪಟ್ಟಿ ಉತ್ತರ:

ಸಾಕ್ಷಿ ಇಡುವ ಮಾತು ನೂರಕ್ಕೆ ನೂರು ಸರಿ. ಕಾಯುವುದನ್ನು ಒಪ್ಪಲಾರೆ. ನೋಂದಣಿ ಯಾವಾಗ ಸಿಕ್ಕರೂ ಹಕ್ಕು ಅರ್ಜಿ ಹಾಕಿದ ದಿನದಿಂದ ಲೆಕ್ಕ. ನೀವು ಕಾಯುವ ಎರಡು ವರ್ಷದಲ್ಲಿ ಬೇರೆಯವರು ಹಾಕಿದರೆ ನಿಮ್ಮ ಖರ್ಚು ₹4,500ರಿಂದ ವಿರೋಧದ ಪ್ರಕರಣಕ್ಕೆ ಏರುತ್ತದೆ. ಹೆಸರು ದುರ್ಬಲವಾಗಿದ್ದರೆ ಕಾಯುವುದಕ್ಕಿಂತ ಗಟ್ಟಿ ಹೆಸರಿಗೆ ಹೋಗುವುದೇ ಮೇಲು. ಗಿರಾಕಿಗಳು ಕಡಿಮೆ ಇರುವಾಗ ಬದಲಾವಣೆಗೆ ನಷ್ಟ ಇಲ್ಲ.

ಬಳಕೆಯ ದಿನಾಂಕದಲ್ಲಿ ಎಚ್ಚರ. ಜನವರಿ ಅಂತ ಹಾಕಿದರೆ ನೋಟರಿ ಮಾಡಿಸಿದ ಅಫಿಡವಿಟ್ಟು ಮತ್ತು ಆ ತಿಂಗಳ ಬಿಲ್ಲು ಕಡ್ಡಾಯ. ಇಲ್ಲದ ಹಳೆಯ ದಿನಾಂಕ ಬರೆದರೆ ವಿರೋಧ ಬಂದಾಗ ಇಡೀ ಅರ್ಜಿಯ ಮೇಲಿನ ನಂಬಿಕೆ ಹೋಗುತ್ತದೆ. ಹೆಸರು ಬದಲಾಯಿಸಿದರೆ 'ಪ್ರಪೋಸ್ಡ್ ಟು ಬಿ ಯೂಸ್ಡ್' (ಇನ್ನು ಮುಂದೆ ಬಳಸುವುದು) ಅಂತಲೇ ಹಾಕಿ.

---

ಜಮಾಖರ್ಚು ಉತ್ತರ:

ಒಂದು ಪ್ರಾಯೋಗಿಕ ಎಚ್ಚರಿಕೆ. ಅರ್ಜಿದಾರರ ವಿಳಾಸ ಟ್ರೇಡ್‌ಮಾರ್ಕ್ ಕಚೇರಿ ಅರ್ಜಿಗಳನ್ನು ಪ್ರಕಟಿಸುವ ಜರ್ನಲ್ಲಿನಲ್ಲೂ ತಾಣದಲ್ಲೂ ಎಲ್ಲರಿಗೂ ಕಾಣುತ್ತದೆ. ಇಬ್ಬರಲ್ಲಿ ಯಾರ ಮನೆ ವಿಳಾಸ ಬಹಿರಂಗವಾದರೆ ತೊಂದರೆ ಇಲ್ಲವೋ ಅದನ್ನು ಪ್ರಧಾನ ಸ್ಥಳವಾಗಿ ಆರಿಸಿ. ಅರ್ಜಿ ಹಾಕಿದ ಮೇಲೆ 'ಪ್ರಕಟಣೆ ಶುಲ್ಕ ಕಟ್ಟಿ' ಎಂಬ ಪತ್ರ, ಇಮೇಲ್‌ಗಳು ಬರುತ್ತವೆ. ಜರ್ನಲ್ ಪ್ರಕಟಣೆಗೆ ಪ್ರತ್ಯೇಕ ಶುಲ್ಕ ಇಲ್ಲ.

---

ಗುರುತುಪಟ್ಟಿ ಉತ್ತರ:

ಹೌದು, ಇಮೇಲಿನ ವಿಷಯದಲ್ಲೇ ಇನ್ನೊಂದು. ಸಣ್ಣವರ ಅರ್ಜಿಗಳು ಸಾಯುವುದು ಹೆಚ್ಚಾಗಿ ಇಲ್ಲೇ. ಪರೀಕ್ಷಾ ವರದಿ ಇಮೇಲಿಗೆ ಬರುತ್ತದೆ, ಬಂದ ದಿನದಿಂದ ಒಂದು ತಿಂಗಳೊಳಗೆ ಉತ್ತರ ಕೊಡದಿದ್ದರೆ ಅರ್ಜಿ ಕೈಬಿಟ್ಟಂತೆ. ಏಜೆಂಟರ ಇಮೇಲ್ ಮಾತ್ರ ಕೊಟ್ಟಿದ್ದು ಅವರು ನೋಡದಿದ್ದರೆ ನಿಮಗೆ ಗೊತ್ತೇ ಆಗುವುದಿಲ್ಲ. ನಿಮ್ಮ ಇಮೇಲನ್ನೂ ಹಾಕಿಸಿ, ವಾರಕ್ಕೊಮ್ಮೆ ಅರ್ಜಿ ಸಂಖ್ಯೆ ಹಾಕಿ ಸ್ಥಿತಿ ನೋಡಿ. 'ಅಬ್ಜೆಕ್ಟೆಡ್' ಅಂತ ಬಂದರೆ ಗಾಬರಿ ಬೇಡ, ಅದು ತಿರಸ್ಕಾರವಲ್ಲ, ವರದಿಗೆ ಉತ್ತರ ಬೇಕು ಎಂದಷ್ಟೇ.

ಒಪ್ಪಿಗೆಯಾದರೆ ಜರ್ನಲ್ಲಿನಲ್ಲಿ ಪ್ರಕಟಣೆ, ಅಲ್ಲಿಂದ 4 ತಿಂಗಳು ಯಾರು ಬೇಕಾದರೂ ವಿರೋಧಿಸಬಹುದು. ವಿರೋಧದ ನೋಟಿಸು ಕೈಗೆ ಬಂದರೆ ಎರಡು ತಿಂಗಳೊಳಗೆ ಪ್ರತಿಹೇಳಿಕೆ ಕೊಡಬೇಕು, ಈ ಗಡುವಿಗೆ ವಿನಾಯಿತಿ ಸಿಗುವುದಿಲ್ಲ. ಯಾರೂ ಬಾರದಿದ್ದರೆ ಪ್ರಮಾಣಪತ್ರ, ಅರ್ಜಿಯ ದಿನದಿಂದ 10 ವರ್ಷಕ್ಕೆ. ಅಲ್ಲಿಯವರೆಗೆ ಹೆಸರಿನ ಪಕ್ಕ ಟಿಎಂ ಮಾತ್ರ ಹಾಕಿ. ಅದಕ್ಕೆ ಅರ್ಜಿಯೂ ಬೇಕಿಲ್ಲ. ವೃತ್ತದೊಳಗಿನ ಆರ್ ಚಿಹ್ನೆಯನ್ನು ನೋಂದಣಿಗೆ ಮೊದಲೇ ಹಾಕಿದರೆ 107ನೇ ಸೆಕ್ಷನ್ ಅಡಿ ದಂಡ ಬೀಳುತ್ತದೆ. ಲೋಗೋ ಮಾಡುವ ತಾಣಗಳ ಸಿದ್ಧ ನಮೂನೆಯಲ್ಲಿ ಅದು ತಾನಾಗಿಯೇ ಸೇರಿರುವುದುಂಟು, ಬಿಲ್ಲು ಅಚ್ಚು ಹಾಕಿಸುವ ಮೊದಲು ತೆಗೆಸಿ.